ಒಂದು ಪಟ್ಟಿ ಕಡಿಮೆ

ನಮ್ಮೂರಿನ ನ್ಯಾಯಾಧೀಶರು ಸಾಯಬೇಕಾದರೆ ವಕೀಲರ ಸಂಘ ಒಪ್ಪಬೇಕು. ಕುರ್ಚಿಯಲ್ಲಿ ಕೂತವರು ‘ನನಗೆ ಸಾಕು’ ಎಂದು ಬಾಯಿಬಿಟ್ಟು ಹೇಳಬೇಕು, ಆಮೇಲೆ ಸಂಘದವರೆಲ್ಲ ಸೇರಿ ಮುಂದಿನವರನ್ನು ಆರಿಸಬೇಕು. ಒಬ್ಬರೂ ತಪ್ಪದೆ ಒಪ್ಪಿದ ಕ್ಷಣಕ್ಕೆ ಹಳಬರ ಉಸಿರು ನಿಲ್ಲುತ್ತದೆ. ಅಲ್ಲಿಯವರೆಗೆ ಏನೇ ಆಗಲಿ, ನಿಲ್ಲುವುದಿಲ್ಲ. ನನ್ನ ಅಪ್ಪ ನೀಲಕಂಠಪ್ಪ ಹೂಗಾರ ‘ನನಗೆ ಸಾಕು’ ಎಂದು ಹೇಳಿದ್ದು ಅವ್ವ ತೀರಿಕೊಂಡ ವರ್ಷ. ಅವ್ವನ ಸಮಾಧಿಯ ಹತ್ತಿರ ಆಗ ನೆಟ್ಟಿದ್ದ ಬೇವಿನ ಸಸಿಯ ನೆರಳಿನಲ್ಲಿ, ನಾನು ಹೇಳುತ್ತಿರುವ ಕಾಲಕ್ಕೆ, ದನಗಳು ಮಲಗುತ್ತಿದ್ದವು.

ಸಾವಿಲ್ಲದೆ ಬದುಕುವುದು ಪುಣ್ಯವಲ್ಲವೇ ಎಂದು ಬೇರೆ ಊರಿನವರು ಅಂದಾರು. ಅಂಥವರನ್ನು ಕರೆತಂದು ಅಪ್ಪನ ಬೆನ್ನು ತೋರಿಸಬೇಕಿತ್ತು. ಮುರಿದ ಸೊಂಟದ ಮೂಳೆ ಕೂಡಿಕೊಳ್ಳಲೇ ಇಲ್ಲ. ಹಾಸಿಗೆ ಹುಣ್ಣು ಒಂದು ಮಾಯುವಷ್ಟರಲ್ಲಿ ಇನ್ನೊಂದು ಬಾಯಿ ತೆರೆಯುತ್ತಿತ್ತು. ಡಾಕ್ಟರು ಕೊನೆಯ ಸಲ ಬಂದಾಗ ಕೈ ಹಿಡಿದು ನೋಡಿ, ನನ್ನ ಕಡೆ ತಿರುಗಿ, "ನಾಡೀನ ಸಿಗವಲ್ದ್ರಿ ಬಾಯಾರ, ಇನ್ನ ನಾ ಬಂದು ಏನ ಮಾಡ್ಲಿ?" ಎಂದು ಚೀಲ ಎತ್ತಿಕೊಂಡು ಹೋದರು. ಆ ಡಾಕ್ಟರೂ ತೀರಿಕೊಂಡರು. ಅವರಿಗೇನು, ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಅಪ್ಪನಿಗೆ ಕಣ್ಣು ಹೋಗಿತ್ತು, ಬಲಗಿವಿ ಹೋಗಿತ್ತು, ನಾಲಿಗೆಯ ರುಚಿ ಹೋಗಿತ್ತು. ಹೋಗದೆ ಉಳಿದದ್ದು ಬುದ್ಧಿ ಒಂದೇ, ಅದೇ ದೊಡ್ಡ ಕಷ್ಟ.

ನಾನೂ ಅದೇ ಕೋರ್ಟಿನ ವಕೀಲೆ. ಅಪ್ಪನ ಎದುರು ನಿಂತು ವಾದಿಸಬಾರದು ಎಂದು ಕೋಣೆಯಲ್ಲಿ ಕೂತು ಮಾಡುವ ಕೆಲಸವನ್ನೇ ಹಿಡಿದಿದ್ದೆ. ಸಾಯಲಾರದ ಅಪ್ಪನನ್ನು ಪಕ್ಕದಲ್ಲಿಟ್ಟುಕೊಂಡು ಊರವರಿಗೆಲ್ಲ ಆಸ್ತಿ ಹಂಚುವ ಮೃತ್ಯುಪತ್ರ ಬರೆದುಕೊಡುತ್ತಿದ್ದೆ. ನನ್ನನ್ನು ನೋಡಲು ಬಂದ ಗಂಡುಗಳು ಅಪ್ಪನ ಮಂಚವನ್ನೂ ನೋಡಿ, ಚಹಾ ಕುಡಿದು ಹೋದರು. ಆಮೇಲಾಮೇಲೆ ಬರುವುದನ್ನೇ ಬಿಟ್ಟರು. ಬೆಳಗಾದರೆ ಅಪ್ಪನ ಮೈ ತೊಳೆದು, ಹುಣ್ಣಿಗೆ ಮುಲಾಮು ಹಚ್ಚಿ, ಕರಿ ಕೋಟು ತೊಡಿಸಿ, ಕೋರ್ಟಿನ ಜವಾನರು ತಂದ ಗಾಲಿಕುರ್ಚಿಯಲ್ಲಿ ಕೂರಿಸುವುದು ನನ್ನ ಮೊದಲ ಕೆಲಸ. ಜವಾನರು ಉಸಿರು ಬಿಗಿಹಿಡಿದು ಎತ್ತುತ್ತಿದ್ದರು. ಭಾರಕ್ಕಲ್ಲ, ಅಪ್ಪನಲ್ಲಿ ಭಾರವೇ ಉಳಿದಿರಲಿಲ್ಲ. ವಾಸನೆಗೆ.

ಕೋರ್ಟು ಇದಕ್ಕೆಲ್ಲ ಚೆನ್ನಾಗಿ ಹೊಂದಿಕೊಂಡಿತ್ತು. ಕಲಾಪ ಶುರುವಾಗುವ ಮೊದಲು ಲೋಬಾನದ ಹೊಗೆ ಹಾಕುತ್ತಿದ್ದರು. ವಕೀಲರು ಒಬ್ಬೊಬ್ಬರಾಗಿ ಪೀಠದ ಎಡಕ್ಕೆ ಹೋಗಿ, ಎಡಗಿವಿಯ ಹತ್ತಿರ ಬಾಗಿ ವಾದ ಹೇಳುತ್ತಿದ್ದರು. ಕೇಳುತ್ತ ಕೇಳುತ್ತ ಅಪ್ಪನ ತಲೆ ಎದೆಯ ಮೇಲೆ ವಾಲಿದರೆ ವಾಯಿದೆ ಕೊಟ್ಟರು, ವಿಚಾರಣೆ ಮುಂದಕ್ಕೆ ಹೋಯಿತು ಎಂದೇ ಲೆಕ್ಕ. ವಾಯಿದೆ ಬೇಕಾದವರು ದನಿ ತಗ್ಗಿಸಿ, ಜೋಗುಳದ ಹಾಗೆ ವಾದಿಸುವುದನ್ನು ಕಲಿತಿದ್ದರು. ವರ್ಷಕ್ಕೊಮ್ಮೆ ಸಂಘದವರು ಅಪ್ಪನಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ದೀರ್ಘಾಯುಷ್ಯವನ್ನು ಹೊಗಳಿ ಭಾಷಣ ಮಾಡುತ್ತಿದ್ದರು. ಆ ಶಾಲುಗಳನ್ನು ಹರಿದು ಅಪ್ಪನ ಕೆಳಗೆ ಹಾಸುತ್ತಿದ್ದೆ. ಬೇರೆ ಬಟ್ಟೆಗಿಂತ ಮೆತ್ತಗಿರುತ್ತಿದ್ದವು.

ಹೀಗಿರಲು ಒಂದು ದಿನ ವಕೀಲ ಫಕೀರಗೌಡರು ಎಡಗಿವಿಗೆ ಬಾಗಿ ಒಂದು ಹೊಲದ ದಾವೆ ಹೇಳುತ್ತಿದ್ದರು. ದಾವೆ ಹೂಡಿದವರೂ ಸತ್ತಿದ್ದರು, ಎದುರು ಪಕ್ಷದವರೂ ಸತ್ತಿದ್ದರು. ಎರಡೂ ಕಡೆಯ ಮೊಮ್ಮಕ್ಕಳು ಬಾಗಿಲಲ್ಲಿ ನಿಂತು ಒಬ್ಬರಿಗೊಬ್ಬರು ಎಲೆ ಅಡಿಕೆ ಕೊಟ್ಟುಕೊಳ್ಳುತ್ತಿದ್ದರು. ಅಪ್ಪ ಕೈ ಎತ್ತಿದರು.

"ಫಕೀರಗೌಡ್ರ, ಇವರದು ಇರ್ಲಿ. ನನ್ನ ಕೇಸು ಯಾವಾಗ ತಗೋತೀರಿ?"

ಯಾರೋ ಕೆಮ್ಮಿದರು. ಅಪ್ಪ ಬಿಡಲಿಲ್ಲ.

"ಕೋರ್ಟಿನ್ಯಾಗ ಗೆದ್ದಾವ ಸೋತ, ಸೋತಾವ ಸತ್ತ ಅಂತಾರ. ಸೋತಾವರೆ ಸತ್ತು ಪಾರಾದ. ಕುರ್ಚಿ ಮ್ಯಾಲ ಕುಂತಾವ ಏನ ತಪ್ಪ ಮಾಡ್ಯಾನ್ರಿ?"

ಸಂಘದ ಅಧ್ಯಕ್ಷರು ವೆಂಕೋಬರಾವ ದೇಸಾಯರು. ಒಳ್ಳೆಯ ಮನುಷ್ಯರೇ, ಯಾರ ಮನೆಯ ಸಾವಿಗೂ ಮೊದಲು ಹೋಗುವವರು. ಅವರು ಎದ್ದು ನಿಂತು ಕೈಮುಗಿದು, ಅಭ್ಯಾಸಬಲದಿಂದ, "ಒಂದ ವಾಯಿದೆ ಕೊಡಬೇಕ್ರಿ ಸಾಹೇಬ್ರ" ಅಂದುಬಿಟ್ಟರು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ದೇಸಾಯರ ಮುಖ ಕೆಂಪಾಯಿತು. "ಈ ಅಮಾಸಿಗೆ ಮುಗಸ್ತೀವ್ರಿ, ಖರೇನ ಮುಗಸ್ತೀವಿ" ಎಂದು ಸೇರಿಸಿದರು. ಅಪ್ಪನ ತಲೆ ಎದೆಗೆ ವಾಲಿತು. ಗುಮಾಸ್ತ ಅದನ್ನು ವಾಯಿದೆ ಎಂದೇ ಬರೆದುಕೊಂಡ.

ಆಯ್ಕೆಯ ಪದ್ಧತಿ ಹೀಗೆ. ಅಮಾವಾಸ್ಯೆಯ ದಿನ ಕಕ್ಷಿದಾರರಿಗೆ ಕೋರ್ಟಿನೊಳಗೆ ಪ್ರವೇಶವಿಲ್ಲ. ನ್ಯಾಯಾಧೀಶರನ್ನು ಪೀಠದ ಹಿಂದಿನ ಒಳಕೋಣೆಯಲ್ಲಿ ಮಲಗಿಸುತ್ತಾರೆ. ಸಂಘದವರು ಒಂದು ಹೆಸರು ಹೇಳುತ್ತಾರೆ. ಆಮೇಲೆ ಒಬ್ಬೊಬ್ಬರೇ ಖಾಲಿ ಕೋರ್ಟಿನೊಳಗೆ ಹೋಗಿ, ಬಾಗಿಲು ಹಾಕಿಕೊಂಡು, ಒಪ್ಪಿಗೆಯಿದ್ದರೆ ತಮ್ಮ ಕೊರಳಿನ ಬಿಳಿ ಪಟ್ಟಿ ಬಿಚ್ಚಿ ಪೀಠದ ಕುರ್ಚಿಯ ಕೈಗೆ ಕಟ್ಟಿ ಬರಬೇಕು. ಒಪ್ಪಿಗೆಯಿಲ್ಲದವರು ಪಟ್ಟಿಯನ್ನು ಬಿಚ್ಚಿ ಜೇಬಿನಲ್ಲಿಟ್ಟುಕೊಂಡು ಬರುತ್ತಾರೆ. ಹೊರಗೆ ಬಂದ ಎಲ್ಲರ ಕೊರಳೂ ಬರಿದು, ಎಲ್ಲ ಪಟ್ಟಿಗಳೂ ಒಂದೇ ಬಿಳಿ. ಕಟ್ಟಿದವರು ಯಾರು, ಕಟ್ಟದವರು ಯಾರು ಎಂದು ಬ್ರಹ್ಮನಿಗೂ ತಿಳಿಯದು. ಯಾರ ಹೆಸರು ಬಂದಿದೆಯೋ ಅವರು ಕೊನೆಗೆ ಹೋಗುತ್ತಾರೆ. ಒಂದೇ ಒಂದು ಪಟ್ಟಿ ಕಡಿಮೆಯಾದರೂ ಆಯ್ಕೆಯಿಲ್ಲ. ಜವಾನ ಎಲ್ಲ ಪಟ್ಟಿ ಬಿಚ್ಚಿ ಎಣಿಸಿ ಬುಟ್ಟಿಗೆ ಹಾಕಿ ತಂದು ಬಾರ್ ರೂಮಿನ ಮೇಜಿನ ಮೇಲೆ ಸುರಿಯುತ್ತಾನೆ.

ಆ ಅಮಾವಾಸ್ಯೆ ಬಂದದ್ದು ಫಕೀರಗೌಡರ ಅಳಿಯನ ಹೆಸರು. ಅದರ ಹಿಂದಿನ ಸಲ ದೇಸಾಯರ ತಮ್ಮನ ಮಗನದು ಬಂದಿತ್ತು. ದೇಸಾಯರದೊಂದು ಪಂಗಡ, ಗೌಡರದೊಂದು ಪಂಗಡ. ಬಾರ್ ರೂಮಿನಲ್ಲಿ ಕೇರಂ ಬೋರ್ಡು ಇಡಬೇಕೋ ಬೇಡವೋ ಎಂಬಲ್ಲಿಂದ ಶುರುವಾದ ಜಗಳ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಯಾವ ಪೂರ್ವಜನ್ಮದ ಪಾಪವೋ, ಅಪ್ಪ ನಡುವೆ ಸಿಕ್ಕಿಕೊಂಡಿದ್ದರು. ಇನ್ನೊಂದು ಮಾತನ್ನೂ ಹೇಳಬೇಕು. ಹಳೆಯ ನ್ಯಾಯಾಧೀಶರ ರೀತಿ ನೀತಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಹೊಸಬರು ಬಂದರೆ ಎಲ್ಲ ಮೊದಲಿಂದ ಕಲಿಯಬೇಕು. ಕಿವಿ ಎರಡೂ ಸರಿಯಿರುವ, ನಿದ್ದೆ ಬಾರದ ನ್ಯಾಯಾಧೀಶರು ಯಾರಿಗೆ ಬೇಕು?

ನಾನಂತೂ ಪ್ರತಿ ಸಲ ಕಟ್ಟಿದ್ದೆ. ಯಾರ ಹೆಸರು ಬಂದರೂ ಕಟ್ಟಿದ್ದೆ. ಒಮ್ಮೆ ಒಬ್ಬ ಪಕ್ಕಾ ಕಳ್ಳನ ಹೆಸರು ಬಂದಿತ್ತು, ಅವನಿಗೂ ಕಟ್ಟಿದ್ದೆ. ಊರು ಹಾಳಾದರೆ ಆಗಲಿ, ಅಪ್ಪ ಪಾರಾಗಲಿ ಎಂಬುದೊಂದೇ ನನ್ನ ಮನಸ್ಸಿನಲ್ಲಿದ್ದದ್ದು. ಇದನ್ನು ಯಾರಿಗೂ ಹೇಳಿರಲಿಲ್ಲ, ಹೇಳುವ ರೂಢಿಯೂ ಇಲ್ಲ.

ಆ ದಿನ ಪಟ್ಟಿ ಕಟ್ಟಿ ಬಂದು ಒಳಕೋಣೆಯಲ್ಲಿ ಅಪ್ಪನ ಪಕ್ಕ ಕೂತೆ. ಜವಾನ ಬುಟ್ಟಿ ಹಿಡಿದು ಹೋಗುತ್ತ ನನಗೆ ಕೈಸನ್ನೆಯಲ್ಲಿ ಲೆಕ್ಕ ತಿಳಿಸಿದ.

"ಆತೇನ, ಇಂದೂ?" ಅಪ್ಪ ನನ್ನ ಹೆಸರು ಹಿಡಿದು ಕೇಳಿದರು.

"ಇಲ್ಲಪ್ಪಾ."

"ಎಷ್ಟ ಕಡಿಮಿ?"

"ಅರ್ಧಕ್ಕರ್ಧ."

"ಹಂಗಾರ ಯಾರ ಮ್ಯಾಲ ಅಂತ ಸಿಟ್ಟ ಮಾಡೂದು" ಎಂದರು ಅಪ್ಪ. ಅವರ ಕಣ್ಣಿನಲ್ಲಿ ನೀರು ಬರುವುದು ನಿಂತು ಬಹಳ ಕಾಲವಾಗಿತ್ತು. ಮುಖ ಮಾತ್ರ ಅಳುವವರ ಮುಖವಾಗಿತ್ತು. ನಾನು ಆ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿ ಕೂತೆ.

ಮರುವಾರ ಒಂದು ಸಂಜೆ ದೇಸಾಯರು ಮತ್ತು ಫಕೀರಗೌಡರು ಜೊತೆಗೂಡಿ ನಮ್ಮ ಮನೆಗೆ ಬಂದರು. ಇಬ್ಬರೂ ಒಂದೇ ಬಾಗಿಲಲ್ಲಿ ಒಳಗೆ ಬಂದದ್ದನ್ನು ಊರು ನೋಡಿರಲಿಲ್ಲ. ಕೈಯಲ್ಲಿ ಪೇರಲ ಹಣ್ಣಿನ ಚೀಲವಿತ್ತು.

"ಬಾಯಾರ, ಒಂದ ಹೆಸರಿನ ಮ್ಯಾಲ ಎರಡೂ ಕಡೆದವ್ರು ಒಪ್ಪೇವ್ರಿ" ಎಂದರು ದೇಸಾಯರು.

"ಯಾರ್ರಿ?"

"ನೀವ."

ನನಗೆ ನಗು ಬಂತು. ಫಕೀರಗೌಡರು ಕಾರಣಗಳನ್ನು ಹೇಳಿದರು. ನಾನು ಯಾವ ಪಂಗಡಕ್ಕೂ ಸೇರಿದವಳಲ್ಲ, ಕಾನೂನು ಬಲ್ಲವಳು, ಹೂಗಾರ ಮನೆತನಕ್ಕೆ ಹೆಸರಿದೆ, ಹೆಣ್ಣುಮಗಳೊಬ್ಬಳು ಪೀಠದ ಮೇಲೆ ಕೂತರೆ ಊರಿಗೆ ಶೋಭೆ. ಎಲ್ಲ ಸರಿಯೇ. ಆದರೆ ಇಬ್ಬರ ಮುಖದಲ್ಲಿಯೂ ಕಠಿಣವಾದದ್ದೇನನ್ನೋ ತೀರ್ಮಾನಿಸಿ ಬಂದವರ ದಣಿವು ಇರಲಿಲ್ಲ. ಮದುವೆ ಊಟ ಮುಗಿಸಿ ಬಂದವರಂತೆ ಹಗುರಾಗಿದ್ದರು. ಎದ್ದು ಹೋಗುವಾಗ ಗೌಡರು ಒಳಗಿನ ಮಂಚದ ಕಡೆ ಕೈಮುಗಿದು, "ಸಾಹೇಬ್ರಿಗೆ ಇನ್ನೂ ನೂರು ವರ್ಷ ಆಯುಷ್ಯ ಐತ್ರಿ" ಎಂದರು. ದೇಸಾಯರು ಅವರ ತೋಳು ಚಿವುಟಿದ್ದನ್ನು ನಾನು ನೋಡಿದೆ.

ಅದರ ಅರ್ಥ ಹೇಳಿದವರು ಇಮಾಮಸಾಬ ಮುಲ್ಲಾ. ಅಪ್ಪ ಇನ್ನೂ ವಕೀಲರಾಗಿದ್ದಾಗ ಅವರ ಕೈಕೆಳಗೆ ವಕೀಲಿ ಕಲಿತವರು, ಹಬ್ಬಕ್ಕೆ ನಮ್ಮ ಮನೆಗೆ ಸುರಕುಂಬಾ ಪಾಯಸ ತಪ್ಪದೆ ಕಳಿಸುವವರು. ಮರುದಿನ ಬಂದು ಒಳಗೆ ಬರದೆ ಕಟ್ಟೆಯ ಮೇಲೆಯೇ ಕೂತರು.

"ಸಿಟ್ಟಾಗಬ್ಯಾಡ್ರಿ ಬಾಯಾರ. ಈ ಸಲ ಎಲ್ಲಾರೂ ಪಟ್ಟಿ ಕಟ್ಟತಾರ. ಒಬ್ಬರೂ ಬಿಡೂದಿಲ್ಲ."

"ಅದಕ್ಯಾಕ ಸಿಟ್ಟಾಗ್ಲಿ?"

"ಯಾಕ ಕಟ್ಟತಾರ ಅಂದ್ರ, ನೀವು ಕಟ್ಟಂಗಿಲ್ಲ ಅಂತ ಎಲ್ಲಾರಿಗೂ ಗೊತ್ತೈತ್ರಿ. ಮಗಳಾಗಿ ಅಪ್ಪನ ಉಸಿರ ಯಾರ ನಿಂದರಸ್ತಾರ? ಇಷ್ಟ ವರ್ಷ ಯಾರ ಕಟ್ಟಿದ್ರೂ ನಿಮ್ಮದ ಒಂದ ಪಟ್ಟಿ ಕಡಿಮಿ ಬೀಳತಿತ್ತು ಅಂತ ಎಲ್ಲಾರೂ ತಿಳದಾರ. ಹೆಂಗೂ ನೀವು ಕಟ್ಟಂಗಿಲ್ಲ, ನಾವು ಕಟ್ಟಿದ್ರೇನು ಬಿಟ್ರೇನು ಅಂತ. ಈಗ ನಿಮ್ಮ ಹೆಸರನ್ನ ಇಟ್ರ ಸಂಘದ್ದು ತಪ್ಪಿಲ್ಲ ಅಂತ ಆಗ್ತೈತಿ. ಬಾಯಾರ ಒಪ್ಪಲಿಲ್ಲ, ನಾವೇನ ಮಾಡೂಣು ಅಂತ ಕೈ ತೊಳಕೋಬಹುದು. ಸಾಹೇಬ್ರೂ ಇನ್ನ ಮುಂದ ಕೋರ್ಟಿನ್ಯಾಗ ಕೇಳಾಕ ಬರಂಗಿಲ್ಲ."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ವಕೀಲರಲ್ಲವೇ, ಕೊನೆಯಿಲ್ಲದ ವಾಯಿದೆ ಒಂದನ್ನು ಹುಡುಕಿಕೊಂಡಿದ್ದರು. ನನಗೆ ಬಂದ ಸಿಟ್ಟಿಗೆ ಕಟ್ಟೆಯ ಕಲ್ಲು ಸಿಡಿಯಬೇಕಿತ್ತು. ನನ್ನ ಹೆಸರಿನ ಮರೆಯಲ್ಲಿ ನಿಂತು ಇವರೆಲ್ಲ ನನ್ನಪ್ಪನನ್ನು ಕೊಳೆಯಲು ಬಿಟ್ಟಿದ್ದರು. ನಾನು ಕರುಳಿನ ಮಗಳು ಎಂಬ ನಂಬಿಕೆಯ ಮೇಲೆ!

"ನೀವು ಇಷ್ಟ ದಿನ ಕಟ್ಟೀರೇನ್ರಿ ಮುಲ್ಲಾಸಾಹೇಬ್ರ?" ಎಂದು ಕೇಳಿದೆ.

ಅವರು ತಲೆ ತಗ್ಗಿಸಿದರು. "ಇಲ್ರಿ. ನನಗ ಅನ್ನದ ದಾರಿ ತೋರಿಸಿದವ್ರು ಅವರು. ಗಂಟ ಹಾಕಾಕ ಹೋದ್ರ ಕೈ ನಡಗತಾವ. ಆದ್ರ ಈ ಸಲ ಕಟ್ಟತೀನ್ರಿ. ನೀವು ಅದೀರಲ್ಲ, ಅವರಿಗೇನೂ ಆಗೂದಿಲ್ಲ."

"ಕಟ್ರಿ" ಎಂದೆ. "ತಪ್ಪದ ಕಟ್ರಿ."

ಅಪ್ಪನ ಎಡಗಿವಿ ಮನೆಯೊಳಗೂ ಕೆಲಸ ಮಾಡುತ್ತಿತ್ತು. ಎಲ್ಲ ಕೇಳಿಸಿಕೊಂಡಿದ್ದರು. ಗಂಜಿ ಕುಡಿಸಲು ಹೋದಾಗ ಬಾಯಿ ತೆರೆಯಲಿಲ್ಲ.

"ಇಂದೂ, ನೀ ಕಟ್ಟಬ್ಯಾಡ."

"ಆಯ್ತ್ರಿ, ಮೊದಲ ಗಂಜಿ ಕುಡೀರಿ."

"ನಾ ತಡಕೋತೀನಿ. ರೂಢಿ ಆಗೇತಿ. ನಾಳೆ ಕೋರ್ಟಿನ್ಯಾಗ ಹೇಳ್ತೀನಿ, ನಂದು ವಾಪಸ್ ತಗೊಂಡೇನಿ, ಸಾಕಾಗಿಲ್ಲ ಅಂತ."

"ಒಮ್ಮೆ ಆಡಿದ ಮಾತು ವಾಪಸ್ ತಗೋಳಾಕ ಬರೂದಿಲ್ಲಪ್ಪಾ. ನಿಮಗ ಗೊತ್ತಿದ್ದದ್ದ."

ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಆ ಕೈಯಲ್ಲಿ ಅಷ್ಟು ಶಕ್ತಿಯಿದೆ ಎಂದು ನನಗೆ ಗೊತ್ತಿರಲಿಲ್ಲ. "ಆ ಕುರ್ಚಿ ಮ್ಯಾಲ ಕುಂತ್ರ ಇಳಸಾಕ ಒಬ್ಬರು ಬೇಕವ್ವಾ. ನನಗರೆ… ನಿನಗ…" ಎಂದು ನಿಲ್ಲಿಸಿದರು. ನಾನು ಚಮಚ ಬಾಯಿಗಿಟ್ಟೆ. ಇಷ್ಟು ವರ್ಷ ಸಾಕು ಸಾಕು ಎಂದು ಗೋಗರೆದ ಮನುಷ್ಯ ನನ್ನ ಹೆಸರು ಬಂದ ಕೂಡಲೇ ಇನ್ನೂ ಬೇಕು ಎನ್ನುತ್ತಿದ್ದರು. ಅದನ್ನು ಕೇಳಿದ ಮೇಲೆ ನನಗೆ ಯೋಚಿಸುವುದೇನೂ ಉಳಿಯಲಿಲ್ಲ.

ಅಮಾವಾಸ್ಯೆಯ ಬೆಳಗ್ಗೆ ಅಪ್ಪನಿಗೆ ಬಿಸಿನೀರಿನಲ್ಲಿ ಮೈ ಒರೆಸಿ, ಹಣೆಗೆ ವಿಭೂತಿ ಹಚ್ಚಿ, ಅವ್ವ ಮಡಿಸಿಟ್ಟಿದ್ದ ಹಳೆಯ ಧೋತರ ಉಡಿಸಿದೆ. ಒಳಕೋಣೆಯಲ್ಲಿ ಮಲಗಿಸಿ ಬಾಗಿಲಲ್ಲಿ ನಿಂತೆ. ವಕೀಲರು ಒಬ್ಬೊಬ್ಬರೇ ಕೋರ್ಟಿನೊಳಗೆ ಹೋಗಿ ಬಂದರು. ಯಾರೂ ತಡ ಮಾಡಲಿಲ್ಲ. ಹಿಂದಿನ ಸಲಗಳಲ್ಲಿ ಬಾಗಿಲ ಮುಂದೆ ನಿಂತು ಬೆವರುತ್ತಿದ್ದವರು ಈ ಸಲ ಕೊರಳು ತೀಡಿಕೊಳ್ಳುತ್ತ ಹೊರಗೆ ಬಂದು, ಅಂಗಳದಲ್ಲಿ ಚಹಾ ಕುಡಿಯುತ್ತ, ಮಿರ್ಚಿ ಭಜಿ ತಿನ್ನುತ್ತ ನಿಂತರು. ದೇಸಾಯರೂ ಗೌಡರೂ ಒಂದೇ ತಟ್ಟೆಗೆ ಕೈ ಹಾಕಿದ್ದರು. ಮುಲ್ಲಾಸಾಹೇಬರು ಮಾತ್ರ ದೂರ ನಿಂತು ನನ್ನ ಕಡೆ ನೋಡಿ, ಕಟ್ಟಿದೆ ಎನ್ನುವಂತೆ ತಲೆಯಾಡಿಸಿದರು.

ಕೊನೆಗೆ ನಾನು ಹೋದೆ. ಕುರ್ಚಿಯ ಎರಡೂ ಕೈಗಳು ಬಿಳಿ ಪಟ್ಟಿಗಳಿಂದ ಮುಚ್ಚಿಹೋಗಿದ್ದವು. ಎಣಿಸಬೇಕಾಗಿರಲಿಲ್ಲ. ಅಷ್ಟೊಂದು ಪಟ್ಟಿಗಳನ್ನು ಆ ಕುರ್ಚಿಯ ಮೇಲೆ ನನ್ನ ಜನ್ಮದಲ್ಲಿ ನೋಡಿರಲಿಲ್ಲ.

ಕೂಡಲೇ ಕಟ್ಟಲು ಮನಸ್ಸಾಗಲಿಲ್ಲ. ಪೀಠದ ಹಿಂದಿನ ಬಾಗಿಲಿನಿಂದ ಒಳಕೋಣೆಗೆ ಹೋಗಿ ಅಪ್ಪನ ತುಟಿಗೆ ಒಂದು ಚಮಚ ನೀರು ಬಿಟ್ಟೆ.

"ನಿನ್ನ ಕೈ ಯಾಕ ತಣ್ಣಗದಾವ?"

"ನೀರು ಮುಟ್ಟಿದ್ನೆಲ್ಲಪ್ಪಾ."

"ಎಲ್ಲಾರೂ ಕಟ್ಯಾರೇನ?"

"ಕಟ್ಯಾರ್ರಿ."

ಅವರು ಮುಖವನ್ನು ನನ್ನ ಕಡೆ ತಿರುಗಿಸಿದರು. ಸಣ್ಣವಳಿದ್ದಾಗ ಕೋರ್ಟಿನಲ್ಲಿ ಆಡಲು ಬಂದರೆ ಹೇಳುತ್ತಿದ್ದ ಹಾಗೆಯೇ, "ಮನಿಗೆ ನಡಿ ತಂಗಿ, ಇಲ್ಲಿ ನಿಂದೇನ ಕೆಲಸ" ಎಂದರು. ನಾನು ಅವರ ಹಣೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತೆ. ಆಮೇಲೆ ಎದ್ದು ಹೋಗಿ, ಕೊರಳಿನ ಪಟ್ಟಿ ಬಿಚ್ಚಿ, ಕುರ್ಚಿಗೆ ಸುತ್ತಿ ಗಂಟು ಹಾಕಿದೆ. ಗೋಡೆಯಾಚೆ ಗರಗಸದ ಹಾಗೆ ಎಳೆಯುತ್ತಿದ್ದ ಆ ಉಸಿರನ್ನು ಕೇಳುತ್ತಲೇ ನಾನು ಮುದುಕಿಯಾಗಿದ್ದೆ. ಗಂಟು ಬಿಗಿದಾಗ ಅದು ನಿಂತಿತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ದುಃಖವೂ ಇತ್ತು, ಸಮಾಧಾನವೂ ಇತ್ತು, ಯಾವುದು ಎಷ್ಟೆಂದು ಈಗಲೂ ಹೇಳಲಾರೆ.

ಹೊರಗೆ ಬಂದಾಗ ದೇಸಾಯರು ಸಮಾಧಾನದ ಮಾತುಗಳನ್ನು ಸಿದ್ಧ ಮಾಡಿಕೊಂಡೇ ನಿಂತಿದ್ದರು. "ಇರ್ಲಿ ಬಿಡ್ರಿ ಬಾಯಾರ, ನಿಮ್ಮ ಸಂಕಟ ನಮಗ ತಿಳೀತೈತಿ. ಮುಂದಿನ ಅಮಾಸಿಗೆ…"

"ಮುಂದಿನ ಅಮಾಸಿ ಇಲ್ರಿ ದೇಸಾಯರ. ಕಟ್ಟಿ ಬಂದೀನಿ."

ಅವರ ಕೈಯಲ್ಲಿದ್ದ ಚಹಾ ತುಳುಕಿ ಧೋತರದ ಮೇಲೆ ಬಿತ್ತು. ಫಕೀರಗೌಡರು ಬಾಯಲ್ಲಿದ್ದ ಭಜಿ ನುಂಗಲೂ ಇಲ್ಲ, ಉಗುಳಲೂ ಇಲ್ಲ. ಮುಲ್ಲಾಸಾಹೇಬರು ನೆಲದ ಮೇಲೆ ಕುಸಿದು ಕೂತು, "ನಾನೂ ಕಟ್ಟಿದ್ನೆಲ್ರಿ, ನಾನೂ ಕಟ್ಟಿದ್ನೆಲ್ಲ" ಎಂದು ಎದೆ ಬಡಿದುಕೊಂಡರು. ಅವರನ್ನು ಎಬ್ಬಿಸಲು ಯಾರೂ ಹೋಗಲಿಲ್ಲ. ಅಷ್ಟು ಜನರಲ್ಲಿ ನನ್ನ ಕಣ್ಣಿಗೆ ಕಣ್ಣು ಕೊಟ್ಟು ನೋಡಿದವರು ಒಬ್ಬರೂ ಇಲ್ಲ. ಅಪ್ಪನನ್ನು ಅವ್ವನ ಪಕ್ಕದಲ್ಲಿ, ಬೇವಿನ ನೆರಳಿನಲ್ಲಿ ಇಟ್ಟು ಬಂದೆವು. ಮರುದಿನ ನಾನು ಕುರ್ಚಿಯ ಮೇಲೆ ಕೂತೆ.

ಆ ದೇಸಾಯರು ಈಗಿಲ್ಲ. ಫಕೀರಗೌಡರು, ಅವರ ಅಳಿಯ, ಮುಲ್ಲಾಸಾಹೇಬರು, ಎಲ್ಲರೂ ಅವರವರ ಹೊತ್ತಿಗೆ ಹೋದರು. ಮುಲ್ಲಾಸಾಹೇಬರ ಮೊಮ್ಮಗ ಈಗ ಸಂಘದ ಕಾರ್ಯದರ್ಶಿ. ನಾನು ಮೊದಮೊದಲು ಒಳ್ಳೆಯ ನ್ಯಾಯಾಧೀಶೆಯೇ ಆಗಿದ್ದೆ, ವಾಯಿದೆ ಕೊಡುತ್ತಿರಲಿಲ್ಲ. ಕಣ್ಣು ಹೋದ ಮೇಲೆ ‘ನನಗೆ ಸಾಕು’ ಎಂದೆ. ಹಾಗೆ ಹೇಳಿ ಎಷ್ಟು ಕಾಲವಾಯಿತೋ, ಈಗಿನವರು ನನ್ನ ಬಲಗಿವಿಯ ಹತ್ತಿರ ಬಾಗಿ ವಾದ ಹೇಳುತ್ತಾರೆ. ಲೋಬಾನದ ಹೊಗೆಯಿಂದ ಕೆಮ್ಮು ಬರುತ್ತದೆ. ಮೈ ತೊಳೆಯಲು ಸಂಘದವರು ಒಬ್ಬ ಹೆಣ್ಣುಮಗಳನ್ನು ಇಟ್ಟಿದ್ದಾರೆ. ಕೆಟ್ಟವಳಲ್ಲ, ಅವಸರ ಹೆಚ್ಚು. ಶಾಲುಗಳು ಬರುತ್ತವೆ, ಅವುಗಳನ್ನು ಹರಿದು ಹಾಸು ಎಂದು ಅವಳಿಗೆ ಹೇಳಿದರೆ, ಅಷ್ಟು ಚೆಂದದ ಶಾಲು ಹರಿಯಲು ಅವಳಿಗೆ ಮನಸ್ಸು ಬರುವುದಿಲ್ಲ.

ಇವತ್ತು ಅಮಾವಾಸ್ಯೆ. ಒಳಕೋಣೆಯಲ್ಲಿ ಮಲಗಿದ್ದೇನೆ. ಅಂಗಳದಲ್ಲಿ ಚಹಾ ಗ್ಲಾಸುಗಳ ಸದ್ದು, ಮಿರ್ಚಿ ಭಜಿಯ ವಾಸನೆ. ಈಗಷ್ಟೇ ಕಾರ್ಯದರ್ಶಿ ಬಂದು ನನ್ನ ಬಲಗಿವಿಗೆ ಬಾಗಿ, "ಒಂದ ಕಡಿಮಿ ಬಂತ್ರಿ ಸಾಹೇಬ್ರ, ಒಂದ ಪಟ್ಟಿ" ಎಂದು ಹೇಳಿ ಹೋದ. ಯಾರದ್ದೆಂದು ನಾನು ಕೇಳಲಿಲ್ಲ. ಅಪ್ಪನಿಗಾದರೆ ಮಗಳಿದ್ದಳು.